ಹೆಸರಿದ್ದ ಜಾಗದಲ್ಲಿ ಚುಕ್ಕಿ

ಸದನದ ನಟ್ಟನಡುವೆ, ಅಧ್ಯಕ್ಷರ ಪೀಠದ ಕೆಳಗೆ, ಒಂದು ಸಣ್ಣ ಮೇಜಿದೆ. ಮಂತ್ರಿಗಳಿಗೂ ವಿರೋಧ ಪಕ್ಷದವರಿಗೂ, ಮೇಲೆ ಗ್ಯಾಲರಿಯಲ್ಲಿ ಕೂತು ಆಕಳಿಸುವ ಜನಕ್ಕೂ ಆ ಮೇಜು ಕಾಣುತ್ತದೆ, ಅಲ್ಲಿ ಕೂತವರು ಮಾತ್ರ ಯಾರಿಗೂ ಕಾಣುವುದಿಲ್ಲ. ನಾವು ಶೀಘ್ರಲಿಪಿಯವರು. ಸದನದಲ್ಲಿ ಯಾರು ಏನೇ ಆಡಲಿ, ಬರೆದುಕೊಳ್ಳುವುದು ನಮ್ಮ ಕೆಲಸ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅದು ಹೊರಗಿನವರಿಗೆ. ನಮ್ಮಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವುದಿಲ್ಲ, ಮರುದಿನ ಬೆಳಿಗ್ಗೆ ಅಚ್ಚಾಗಿ ಬಂದು ಎದುರಿಗೆ ಕೂರುತ್ತದೆ.

ಒಬ್ಬೊಬ್ಬರದು ಹತ್ತು ನಿಮಿಷದ ಸರದಿ. ಮುಂದಿನ ಸರದಿಯವರು ಪಕ್ಕದ ಬಾಗಿಲಿಂದ ಸ್ವಲ್ಪ ಮೊದಲೇ ಬಂದು ಬೆನ್ನ ಹಿಂದೆ ನಿಲ್ಲಬೇಕು. ಕೂತವರು ಏಳುವುದಕ್ಕೂ ನಿಂತವರು ಕೂರುವುದಕ್ಕೂ ನಡುವೆ ಒಂದು ಮಾತೂ ಬಿಟ್ಟುಹೋಗಬಾರದು. ಎದ್ದವರು ಒಳಕೋಣೆಗೆ ಓಡಿ ತಾವು ಬರೆದದ್ದನ್ನು ಟೈಪು ಮಾಡಿ ದೊಡ್ಡವರ ಮೇಜಿಗೆ ಹಾಕಬೇಕು. ದೊಡ್ಡವರು ಎಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಹೀಗಾಗಿ ಈ ಕೆಲಸದಲ್ಲಿ ಕೂದಲು ಬೆಳ್ಳಗಾದರೂ ನಾನು ಒಂದೇ ಒಂದು ಚರ್ಚೆಯ ತಲೆಯನ್ನೂ ಬಾಲವನ್ನೂ ಒಟ್ಟಿಗೆ ಕಂಡವಳಲ್ಲ. ಕಿವಿಗೆ ಬಿದ್ದದ್ದು ನೇರ ಕೈಗೆ ಹೋಗಬೇಕು. ನಡುವೆ ಮನಸ್ಸಿನ ಮನೆಗೆ ಹೋಗಿ ಕುಶಲ ವಿಚಾರಿಸಿಕೊಂಡು ಬರಲು ಅದಕ್ಕೆ ಪುರುಸೊತ್ತಿಲ್ಲ.

ನನ್ನ ಮುಂಚಿನ ಸರದಿ ಅಕ್ಕನದು. ನನ್ನ ಒಡಹುಟ್ಟಿದವಳಲ್ಲ, ವಿಭಾಗಕ್ಕೆಲ್ಲ ಅಕ್ಕ. ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವರು ಅವಳಿಗಿಂತ ಹಿರಿಯರಾದರೂ. ಮದುವೆಯಾಗಲಿಲ್ಲ, ತಾಯಿ ಮತ್ತು ತಮ್ಮನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಅವಳ ಹಾಳೆಯಲ್ಲಿ ತಪ್ಪು ಹುಡುಕುವುದು ಕಲ್ಲಿನಲ್ಲಿ ನಾರು ತೆಗೆದಂತೆ ಎಂದು ದೊಡ್ಡವರು ಓದದೆಯೇ ಸಹಿ ಹಾಕುತ್ತಿದ್ದರು. ನನ್ನ ಹಾಳೆಯನ್ನು ಮಾತ್ರ ಭೂತಗನ್ನಡಿ ಹಿಡಿದು ನೋಡುತ್ತಿದ್ದರು, ಆ ಮಾತು ಬೇರೆ.

ಬಸ್ ನಿಲ್ದಾಣದಲ್ಲಿ ಯಾರೋ ಬಿಟ್ಟುಹೋದ ಚೀಲ ಸಿಡಿದು ಜನ ಸತ್ತ ವರ್ಷ ಆ ಕಾಯ್ದೆ ಬಂತು. ಅದಕ್ಕೊಂದು ಗಜದುದ್ದದ ಹೆಸರಿತ್ತು. ಜನ ಅದನ್ನು ಚೀಲದ ಕಾಯ್ದೆ ಎಂದರು. ಪೊಲೀಸರು ಯಾರ ಚೀಲವನ್ನಾದರೂ, ಯಾರ ಮನೆಯನ್ನಾದರೂ ಕಾರಣ ಹೇಳದೆ ಶೋಧಿಸಬಹುದು. ಅನುಮಾನ ಬಂದವರನ್ನು ವಿಚಾರಣೆಯಿಲ್ಲದೆ ಒಳಗಿಡಬಹುದು. ಕಾಯ್ದೆ ಇರುವಷ್ಟು ದಿನ ಅವರನ್ನು ಒಳಗೇ ಇಟ್ಟುಕೊಳ್ಳಬಹುದು. ಆಗ ನಮ್ಮ ಬೀದಿಯಲ್ಲಿ ಬೇಡ ಎಂದವರು ಯಾರೂ ಇರಲಿಲ್ಲ. ನಮ್ಮ ಯಜಮಾನರಂತೂ ತಪ್ಪು ಮಾಡದವರಿಗೆ ಭಯ ಯಾಕೆ ಎಂದು ಕಂಡಕಂಡವರನ್ನೆಲ್ಲ ಕೇಳುತ್ತ ತಿರುಗಿದರು.

ಒಂದು ದಿನ ನಡುಬೀದಿಯಲ್ಲಿ ಅವರ ಚೀಲವನ್ನೇ ಪೊಲೀಸರು ಸುರಿದರು. ಹೊಲಿಸಲು ಒಯ್ಯುತ್ತಿದ್ದ ಚಪ್ಪಲಿ, ದರ್ಜಿಗೆ ಕೊಡಬೇಕಿದ್ದ ಪಟ್ಟೆಪಟ್ಟೆ ಚಡ್ಡಿ, ಎಲ್ಲ ರಸ್ತೆಯ ಮೇಲೆ ಬಿದ್ದವು. ನೋಡಿದವರು ನಕ್ಕರು. ಅಂದಿನಿಂದ ಯಜಮಾನರಿಗೆ ಸ್ವಾತಂತ್ರ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಕಾಯ್ದೆ ತೆಗೆಯುತ್ತೇವೆ ಎಂದ ಪಕ್ಷಕ್ಕೆ ಮತ ಹಾಕಿದರು, ಅದು ಗೆದ್ದಿತು. ಗೆದ್ದ ಮೇಲೂ ಕಾಯ್ದೆ ಹೋಗದಿದ್ದಾಗ ಏನು ಹೇಳುತ್ತಾರೋ ಎಂದು ನಾನು ಕಾದೆ. ಕಾಯ್ದೆ ಕೆಟ್ಟದ್ದಲ್ಲ ಕಣೆ, ಕೆಟ್ಟವರ ಕೈಯಲ್ಲಿತ್ತು ಅಷ್ಟೆ ಎಂದರು. ಗಾಳಿ ಬಂದಾಗ ತೂರಿಕೊಳ್ಳುವವರ ಜೊತೆ ಸಂಸಾರ ಮಾಡಿದರೆ ಮನೆಯ ತುಂಬ ಬರೀ ಹೊಟ್ಟು. ದಿನವೆಲ್ಲ ವಾದ ಬರೆದುಕೊಂಡು ಬಂದವಳಿಗೆ ಮನೆಯಲ್ಲಿ ವಾದ ಮಾಡುವ ತ್ರಾಣ ಇರುತ್ತಿರಲಿಲ್ಲ.

ಅಕ್ಕನ ತಮ್ಮನನ್ನು ಎಲ್ಲರೂ ಮೈಕು ಎನ್ನುತ್ತಿದ್ದರು. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ಅವನ ಕಸುಬು. ಯಾವ ಪಕ್ಷಕ್ಕೂ ಇಲ್ಲ ಎಂದವನಲ್ಲ. ಯಾರು ಕೂಗಿದರೂ ನನ್ನ ಡಬ್ಬದಲ್ಲೇ ಕೂಗಬೇಕು ಎಂದು ನಗುತ್ತಿದ್ದ. ಮೊದಲಿನ ಸರ್ಕಾರ ಇದ್ದಾಗಲೇ ಒಂದು ಸಂಜೆ ಕಾಯ್ದೆಯ ವಿರುದ್ಧದ ಸಭೆಗೆ ಮೈಕು ಕೊಟ್ಟು ವಾಪಸ್ಸು ಬರುವಾಗ ಪೊಲೀಸರು ಅವನ ಚೀಲ ಬಿಚ್ಚಿಸಿದರು. ಒಳಗೆ ತಂತಿ, ಬ್ಯಾಟರಿ, ಬೆಸುಗೆ ಹಾಕುವ ಕಡ್ಡಿ ಇದ್ದವು. ಮೈಕಿನವನ ಚೀಲದಲ್ಲಿ ಇನ್ನೇನಿರುತ್ತದೆ? ಅವತ್ತು ಒಳಗೆ ಹೋದವನು ಹೋದ.

ಆಗ ವಿರೋಧ ಪಕ್ಷದ ನಾಯಕರಾಗಿದ್ದವರು ಯೌವನದಲ್ಲಿ ಯಾವುದೋ ಚಳವಳಿಯಲ್ಲಿ ಜೈಲು ಕಂಡವರು. ಆ ವಿಷಯವನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಅದಕ್ಕೇ ಒಳಕೋಣೆಯಲ್ಲಿ ನಾವು ಅವರನ್ನು ಜೈಲಣ್ಣ ಎನ್ನುತ್ತಿದ್ದೆವು. ಜೈಲಣ್ಣ ಸದನದಲ್ಲಿ ಎದ್ದು ನಿಂತು ಮೈಕುವಿನ ಹೆಸರನ್ನು ತಂದೆಯ ಹೆಸರಿನ ಸಮೇತ ಹೇಳಿ, ಈ ಹುಡುಗ ನನ್ನ ತಮ್ಮನಿದ್ದಂತೆ, ನಾವು ಬಂದ ದಿನ ಮೊದಲು ತೆರೆಯುವುದು ಇವನ ಬಾಗಿಲು ಎಂದರು. ಅದು ಅಕ್ಕನ ಸರದಿ. ಒಂದಕ್ಷರ ಬಿಡದೆ ಬರೆದುಕೊಂಡಳು. ಅಚ್ಚಾದ ಪ್ರತಿಯನ್ನು ಮನೆಗೆ ಒಯ್ದು ತಾಯಿಗೆ ಓದಿ ಹೇಳಿದಳು. ಆ ಮುದುಕಿ ಅದನ್ನು ಮಡಚಿ ದಿಂಬಿನ ಕೆಳಗಿಟ್ಟುಕೊಂಡರಂತೆ.

ಜೈಲಣ್ಣನ ಪಕ್ಷ ಗೆದ್ದಿತು, ಅವರೇ ಗೃಹಮಂತ್ರಿಯಾದರು. ಬಾಗಿಲು ತೆರೆಯಲಿಲ್ಲ. ಈಗ ವಿರೋಧದ ಬೆಂಚಿನಲ್ಲಿ ಕೂತವರು ಕಾಯ್ದೆ ತಂದ ಹಳೆಯ ಗೃಹಮಂತ್ರಿ. ಮೈಕುವನ್ನು ಒಳಗೆ ಹಾಕಿಸಿದ್ದೇ ಅವರ ಕಾಲದಲ್ಲಿ. ಅವರಿಗೆ ಇದ್ದಕ್ಕಿದ್ದಂತೆ ಜನರ ಹಕ್ಕುಗಳು ನೆನಪಾಗಿ, ಎಲ್ಲಿ ಸ್ವಾಮಿ ನಿಮ್ಮ ತಮ್ಮ ಎಂದು ಅದೇ ಹೆಸರು ಹಿಡಿದು ದಿನಾ ಚುಚ್ಚತೊಡಗಿದರು. ಉತ್ತರಕ್ಕೆ ಜೈಲಣ್ಣ, ಬಸ್ ನಿಲ್ದಾಣದಲ್ಲಿ ಸತ್ತವರ ಮನೆಯವರಿಗೆ ಏನು ಹೇಳುತ್ತೀರಿ ಎಂದು ಕೇಳುತ್ತಿದ್ದರು. ಅದು ಹಳೆಯ ಗೃಹಮಂತ್ರಿಯ ಹಳೆಯ ವಾಕ್ಯ. ನಾನೇ ಎರಡೂ ಸಲ ಬರೆದುಕೊಂಡಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಕಾಲಿಗೆ ಜೋಮು ಹಿಡಿದಾಗ ಆಗುತ್ತದಲ್ಲ, ಹಾಗಾಯಿತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ಅಧ್ಯಕ್ಷರಿಗೆ ಈ ರಗಳೆ ಸಾಕಾಯಿತು. ಹಳೆಯ ಗೃಹಮಂತ್ರಿ ಹೆಸರೆತ್ತಿದಾಗಲೆಲ್ಲ, ಆ ಹೆಸರನ್ನು ನಡಾವಳಿಯಿಂದ ತೆಗೆಯಿರಿ ಎಂದು ಅಪ್ಪಣೆ ಕೊಡಲು ಶುರು ಮಾಡಿದರು. ಅಧ್ಯಕ್ಷರು ತೆಗೆಯಿರಿ ಎಂದ ಮಾತನ್ನು ನಾವು ಅಚ್ಚಿಗೆ ಕೊಡುವುದಿಲ್ಲ. ಆ ಜಾಗದಲ್ಲಿ ಮೂರು ಚುಕ್ಕಿ ಹಾಕುತ್ತೇವೆ. ಓದುವವರಿಗೆ ಇಲ್ಲೇನೋ ಇತ್ತು ಎಂದು ಗೊತ್ತಾಗುತ್ತದೆ, ಏನಿತ್ತು ಎಂದು ಗೊತ್ತಾಗುವುದಿಲ್ಲ.

ಆ ಹೆಸರು ಅಕ್ಕನ ಸರದಿಯಲ್ಲೂ ಬರುತ್ತಿತ್ತು. ದೊಡ್ಡವರು ಒಳ್ಳೆಯವರು, ನಿನ್ನ ಸರದಿ ಬದಲಾಯಿಸಲೇನಮ್ಮ ಎಂದು ಕೇಳಿದರು. ಸರದಿ ಅಂದರೆ ಸರದಿ ಎಂದು ಅವಳು ಒಪ್ಪಲಿಲ್ಲ. ಮೊದಲು ತಮ್ಮನ ಹೆಸರು ಬರೆಯುತ್ತಿದ್ದಳು, ಅಪ್ಪಣೆಯಾದ ಮೇಲೆ ಅದರ ಮೇಲೆ ಗೆರೆ ಎಳೆಯುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ನೋಡಿದರೆ ಹೆಸರನ್ನು ಬರೆಯುತ್ತಲೇ ಇರಲಿಲ್ಲ, ಹೆಸರು ಕಿವಿಗೆ ಬಿದ್ದ ಕೂಡಲೇ ಮೂರು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದಳು. ಯಾಕೆ ಹೀಗೆ ಎಂದು ಕೇಳಿದೆ.

"ಹೇಗೂ ಹೊಡೆದು ಹಾಕೋದೇ ಅಲ್ವಾ," ಎಂದಳು. "ಬರೆದು ಹೊಡೆದು ಹಾಕೋದು ಎರಡು ಸಲ ಆಗುತ್ತೆ. ಈಗ ಕೈ ತಾನೇ ಚುಕ್ಕಿ ಇಡುತ್ತೆ. ನನಗೆ ಗೊತ್ತೂ ಆಗಲ್ಲ."

ಗೊತ್ತಾಗದಿರುವುದೇ ಮೇಲು ಎಂದು ನಾನೂ ಸುಮ್ಮನಾದೆ.

ಕಾಯ್ದೆಯ ಅವಧಿ ಮುಗಿಯುತ್ತ ಬಂತು. ಸದನ ಒಪ್ಪಿದರೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಬಿದ್ದುಹೋಗಿ ಒಳಗಿದ್ದವರೆಲ್ಲ ಹೊರಗೆ. ಒಪ್ಪುತ್ತದೆ ಎನ್ನುವುದು ಸದನದ ಕಸ ಗುಡಿಸುವವರಿಗೂ ಗೊತ್ತಿತ್ತು. ಮೈಕುವಿನ ವಕೀಲರು ಅಕ್ಕನಿಗೆ ಒಂದೇ ಒಂದು ದಾರಿ ತೋರಿಸಿದ್ದರು. ಮಂತ್ರಿಯಾದವರು ಸದನದಲ್ಲಿ ಎದ್ದು ನಿಂತು, ಇಂಥವರ ಪ್ರಕರಣವನ್ನು ಪರಿಶೀಲಿಸುತ್ತೇವೆ ಎಂದರೆ ಅದು ಬರೀ ಮಾತಲ್ಲ, ಭರವಸೆ. ಅದರ ಬೆನ್ನು ಹತ್ತಲೆಂದೇ ಸದನದ ಒಂದು ಸಮಿತಿ ಇದೆ. ಮೂರು ತಿಂಗಳಲ್ಲಿ ಸರ್ಕಾರ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಆದರೆ ಇಂಥವರು ಎನ್ನುವಲ್ಲಿ ಹೆಸರಿರಬೇಕು, ಅದು ಅಚ್ಚಾದ ನಡಾವಳಿಯಲ್ಲಿ ಬಂದಿರಬೇಕು. ಹೆಸರಿಲ್ಲದ ಭರವಸೆ ವಿಳಾಸವಿಲ್ಲದ ಕಾಗದದ ಹಾಗೆ ಎಂದಿದ್ದರು ವಕೀಲರು.

ಜೈಲಣ್ಣನ ಬಾಯಿಂದ ಆ ಹೆಸರು ಹೊರಡಿಸುವವರು ಯಾರು? ಆಳುವ ಪಕ್ಷದ ಹಿಂದಿನ ಸಾಲಿನಲ್ಲಿ ಒಬ್ಬರು ಹಿರಿಯ ಸದಸ್ಯೆ ಕೂರುತ್ತಿದ್ದರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಎಲ್ಲರಿಗೂ ಟೀಚರಮ್ಮ. ಅಕ್ಕನ ತಾಯಿ ಕೋಲೂರಿಕೊಂಡು ಅವರ ಮನೆಗೆ ಹೋಗಿ, ದಿಂಬಿನ ಕೆಳಗಿನ ಆ ಹಾಳೆಯನ್ನು ಅವರ ಮುಂದಿಟ್ಟು ಬಂದಿದ್ದರು. ಟೀಚರಮ್ಮ ಏನನ್ನೂ ಒಪ್ಪಿಕೊಂಡಿರಲಿಲ್ಲ.

ಚರ್ಚೆ ಮುಗಿಯುವ ದಿನ ಮಂತ್ರಿಯ ಉತ್ತರ ಅಕ್ಕನ ಸರದಿಗೇ ಬಂತು. ನಾನು ಪಕ್ಕದ ಬಾಗಿಲಿಂದ ಬಂದು ಅವಳ ಬೆನ್ನ ಹಿಂದೆ ನಿಂತೆ. ಜೈಲಣ್ಣ ಖುಷಿಯಲ್ಲಿದ್ದರು, ತಲೆ ಎಣಿಸಿ ನೋಡಿದ್ದಾಗಿತ್ತು. ಹಿಂದಿನ ಸಾಲಿನಿಂದ ಟೀಚರಮ್ಮ ಎದ್ದು, ಪಾಠ ಒಪ್ಪಿಸಲು ಹೇಳುವ ದನಿಯಲ್ಲೇ, ನೀವು ಆ ಕಡೆ ಕೂತಿದ್ದಾಗ ಒಬ್ಬನ ಬಾಗಿಲು ಮೊದಲು ತೆರೆಯುತ್ತೇವೆ ಅಂದಿದ್ದಿರಲ್ಲ, ಅವನ ವಿಷಯ ಏನು ಎಂದು ಕೇಳಿದರು. ತಮ್ಮ ಪಕ್ಷದವರೇ ಕೇಳಿದಾಗ ಅಡ್ಡಗೋಡೆಯ ಮೇಲೆ ದೀಪ ಇಡುವುದೂ ಕಷ್ಟ. ಜೈಲಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡು, ಮೈಕುವಿನ ಹೆಸರನ್ನು ತಂದೆಯ ಹೆಸರಿನ ಸಮೇತ ಹೇಳಿ, ಅವರ ಪ್ರಕರಣವನ್ನು ಮರುಪರಿಶೀಲಿಸಿ ಮೂರು ತಿಂಗಳೊಳಗೆ ತೀರ್ಮಾನ ಮಾಡುತ್ತೇವೆ ಎಂದರು. ನಾನು ಅಧ್ಯಕ್ಷರ ಮುಖ ನೋಡಿದೆ. ತೆಗೆಯಿರಿ ಎನ್ನಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸರದಿ ಮುಗಿದು ಅಕ್ಕ ಎದ್ದಳು, ನಾನು ಕೂತೆ. ಕಾಯ್ದೆ ಮುಂದುವರಿಯಲಿ ಎನ್ನುವವರು ಹೌದು ಎನ್ನಿ ಎಂದು ಅಧ್ಯಕ್ಷರು ಕೇಳಿದ್ದನ್ನು, ಸದನ ಹೌದು ಎಂದದ್ದನ್ನು ನಾನೇ ಬರೆದುಕೊಂಡೆ. ಬೇಡ ಎಂದವರ ದನಿಯಲ್ಲಿ ಹಳೆಯ ಗೃಹಮಂತ್ರಿಯ ದನಿಯೇ ಜೋರಾಗಿತ್ತು.

ಒಳಕೋಣೆಗೆ ಬಂದಾಗ ಅಕ್ಕ ಟೈಪು ಮುಗಿಸಿ ಕಿಟಕಿಯ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದಳು. ಅವತ್ತು ಬೇಗ ಅಚ್ಚಾಗಬೇಕೆಂದು ಅವಳ ಹಾಳೆಗೆ ದೊಡ್ಡವರು ಆಗಲೇ ಸಹಿ ಹಾಕಿ ಕಳಿಸಿದ್ದರು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ಏನು ಎನ್ನುವಂತೆ ನೋಡಿದಳು. ಮಂತ್ರಿಗಳು ಹೇಳಿದ್ದು ಕೇಳಿಸಲಿಲ್ಲವೇ, ಹೆಸರು ಹೇಳಿದರಲ್ಲ, ಮೂರು ತಿಂಗಳು ಎಂದರಲ್ಲ ಎಂದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಹತ್ತು ನಿಮಿಷ ಅವಳ ಕಿವಿ ಕೇಳಿತ್ತು, ಅವಳು ಕೇಳಿರಲಿಲ್ಲ. ನಮ್ಮ ಕೆಲಸದಲ್ಲಿ ಅದು ಹೊಸದೇನಲ್ಲ. ನಿಧಾನವಾಗಿ ಲೋಟ ಕೆಳಗಿಟ್ಟು, ಹೌದಾ ಎಂದಳು. ಆಮೇಲೆ ಚೀಲ ತೆಗೆದುಕೊಂಡು, ಅಮ್ಮನಿಗೆ ಹೇಳಬೇಕು ಎಂದು ಮನೆಗೆ ಹೊರಟಳು. ಅವಳು ಅಷ್ಟು ಬೇಗ ಬೇಗ ಹೆಜ್ಜೆ ಹಾಕಿದ್ದನ್ನು ನಾನು ನೋಡಿರಲಿಲ್ಲ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ವಕೀಲರು ಅಚ್ಚಾದ ಪ್ರತಿ ಹಿಡಿದುಕೊಂಡು ನಮ್ಮ ಕೋಣೆಯ ಬಾಗಿಲಿಗೇ ಬಂದರು. ಮಂತ್ರಿಯ ಮಾತು ಪೂರ್ತಿ ಇತ್ತು. ಮರುಪರಿಶೀಲಿಸಿ ಇತ್ತು, ಮೂರು ತಿಂಗಳೊಳಗೆ ಇತ್ತು. ಹೆಸರಿನ ಜಾಗದಲ್ಲಿ ಮೂರು ಚುಕ್ಕಿ ಇತ್ತು.

ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ದೊಡ್ಡವರು ಅವಳ ಶೀಘ್ರಲಿಪಿ ಪುಸ್ತಕ ತರಿಸಿದರು. ಅಲ್ಲೂ ಮೂರು ಚುಕ್ಕಿಯೇ. ಅಧ್ಯಕ್ಷರು ತೆಗೆಯಿರಿ ಅಂದಿದ್ದರಾ ಎಂದು ದೊಡ್ಡವರು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಧ್ಯಕ್ಷರು ಅನ್ನಲಿಲ್ಲ, ನಾನು ಹಿಂದೆಯೇ ನಿಂತಿದ್ದೆ, ಹೆಸರು ಕೇಳಿದ್ದೇನೆ ಎಂದು ನಾನು ಹೇಳಿದೆ. ಬರೆದು ಸಹಿಯನ್ನೂ ಹಾಕಿಕೊಟ್ಟೆ. ನೀವು ಟೇಪ್ ಇರಲಿಲ್ಲವೇ ಎನ್ನುತ್ತೀರಿ. ಇರುತ್ತದೆ. ಅಚ್ಚಿಗೆ ಹೋದ ಕೂಡಲೇ ಅದನ್ನು ಅಳಿಸಿ ಮತ್ತೆ ಬಳಸುತ್ತಾರೆ. ನಮ್ಮಲ್ಲಿ ಅಚ್ಚಾದದ್ದೇ ಪ್ರಮಾಣ.

ಅಚ್ಚಾದದ್ದನ್ನು ತಿದ್ದಲು ಆ ಮಾತಾಡಿದವರ ಒಪ್ಪಿಗೆ ಬೇಕು. ದೊಡ್ಡವರು ನನ್ನನ್ನೂ ಕರೆದುಕೊಂಡು ಜೈಲಣ್ಣನ ಕೋಣೆಗೆ ಹೋದರು. ಅವರು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು. ಚುಕ್ಕಿ ಇದೆ ಎಂದರೆ ಅಧ್ಯಕ್ಷರು ತೆಗೆಸಿದ್ದಾರೆ ಎಂದೇ ಅರ್ಥ, ಪೀಠದ ಅಪ್ಪಣೆಯ ಮೇಲೆ ನಾನು ಸಹಿ ಹಾಕಲೇ, ಇದೇನು ಮಾತು ಎಂದರು. ಹೆಸರು ಹೇಳಿದ್ದು ನೆನಪಿದೆಯೇ ಎಂದು ನಾನು ಬಾಯಿಬಿಟ್ಟು ಕೇಳಿದೆ. ದಿನಕ್ಕೆ ಎಷ್ಟು ಹೆಸರು ಹೇಳುತ್ತೇನಮ್ಮ ಎಂದು ನಕ್ಕರು. ಆ ನಗುವಿನಲ್ಲಿ ಕಪಟವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕಪಟವಿದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಲ್ಲಿಂದ ಅಧ್ಯಕ್ಷರಲ್ಲಿಗೆ ಹೋದೆವು. ವಯಸ್ಸಾದವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಹಾಳೆಯನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಚುಕ್ಕಿ ಇದೆ ಅಂದ್ಮೇಲೆ ನಾನೇ ಹೇಳಿರ್ತೀನಿ," ಎಂದರು. "ನಾನು ಹೇಳದೆ ನೀವು ಹಾಕೋರಲ್ಲ. ನಿಮ್ಮ ವಿಭಾಗದ ಮೇಲೆ ನನಗೆ ಅಷ್ಟು ನಂಬಿಕೆ ಇದೆ."

ನೀವು ಹೇಳಲಿಲ್ಲ, ಕನ್ನಡಕ ಒರೆಸಿಕೊಳ್ಳುತ್ತಿದ್ದಿರಿ ಎಂದು ನಾನು ಹೇಳಿದೆ. ಅವರು ನನ್ನ ಬರಹವನ್ನು ಪಕ್ಕಕ್ಕಿಟ್ಟು, ಸರದಿ ನಿಮ್ಮದಾಗಿತ್ತೇನಮ್ಮ ಎಂದು ಕೇಳಿದರು. ಇಲ್ಲ ಎಂದೆ. ಸರದಿ ಯಾರದೋ ಅವರು ಬರೆದದ್ದೇ ಸತ್ಯ ಎನ್ನುವುದು ಸದನದ ನಿಯಮ. ನಾವೇ ದಿನಾ ಹೇಳಿಕೊಂಡು ಬಂದ ನಿಯಮ. ಸದನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದ್ದರು, ಟೀಚರಮ್ಮ ಮತ್ತೆ ಕೇಳೋಣವೆಂದರೂ ಕೇಳುವ ಜಾಗ ಇರಲಿಲ್ಲ. ಮುಂದಿನ ಸಲ ಅವರಿಗೆ ಪಕ್ಷ ಟಿಕೇಟು ಕೊಡುವುದಿಲ್ಲ ಎಂದು ಆಗಲೇ ಸುದ್ದಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಕ್ಕನಿಗೆ ಯಾರೂ ಏನೂ ಅನ್ನಲಿಲ್ಲ. ಒಂದು ಮೆಮೋ ಕೊಡಿ, ಇಲ್ಲವೇ ಬೈಯಿರಿ ಎಂದು ಅವಳೇ ದೊಡ್ಡವರನ್ನು ಕೇಳಿಕೊಂಡಳಂತೆ. ಯಾವ ತಪ್ಪಿಗಮ್ಮ, ಅಧ್ಯಕ್ಷರೇ ಸರಿ ಇದೆ ಅಂದಿದ್ದಾರಲ್ಲ ಎಂದು ದೊಡ್ಡವರು ತಲೆ ತಗ್ಗಿಸಿದರಂತೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲು ನನಗೆ ಬರುತ್ತಿತ್ತು. ಸಮಯಕ್ಕೆ ಸರಿಯಾಗಿ ಬಂದಳು, ಪೆನ್ಸಿಲು ಚೂಪು ಮಾಡಿದಳು, ಸಮಿತಿ ಸಭೆಗಳಿಗೆ ಹೋಗಿ ಬರೆದುಕೊಂಡು ಬಂದಳು. ಬಲಗೈಯನ್ನು ಮಾತ್ರ ಕೆಲಸವಿಲ್ಲದಾಗ ಮಡಿಲಲ್ಲಿ, ಯಾರದೋ ವಸ್ತುವನ್ನು ಇಟ್ಟುಕೊಂಡಂತೆ ಇಟ್ಟುಕೊಂಡು ಕೂರುತ್ತಿದ್ದಳು. ಮನೆಯಲ್ಲಿ ನಾನು ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ಪಾಪ, ಆದರೆ ಇಂಥ ಕಾಲದಲ್ಲಿ ಒಂದೆರಡು ಹೆಚ್ಚುಕಮ್ಮಿ ಆಗುತ್ತೆ ಎಂದು ಪೇಪರು ತಿರುಗಿಸಿದರು. ಅವತ್ತು ಅವರಿಗೆ ಬಡಿಸದೆ ಎದ್ದು ಹೋದೆ. ಅವರೇ ಬಡಿಸಿಕೊಂಡು ಉಂಡರು.

ಮೈಕುವನ್ನು ನೋಡಲು ತಿಂಗಳಿಗೊಮ್ಮೆ ಬಿಡುತ್ತಿದ್ದರು. ತಾಯಿಗೆ ಮೆಟ್ಟಿಲು ಹತ್ತಲು ಆಗದ್ದರಿಂದ ಆ ಸಲ ಅಕ್ಕನ ಜೊತೆ ನಾನು ಹೋದೆ. ಕಬ್ಬಿಣದ ಬಲೆಯ ಆಚೆ ಅವನು, ಈಚೆ ನಾವು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಪೊಲೀಸಿನವನು. ದಾರಿಯುದ್ದಕ್ಕೂ ಅಕ್ಕ ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದಳು, ತುಟಿ ಅಲುಗುತ್ತಿದ್ದುದನ್ನು ನಾನು ನೋಡಿದ್ದೆ. ಆದರೆ ಮೊದಲು ಮಾತಾಡಿದವನು ಅವನು. ಸುದ್ದಿ ಹೇಗೋ ಅವನವರೆಗೆ ಹೋಗಿತ್ತು. ಸೊರಗಿ ಕಡ್ಡಿಯಾಗಿದ್ದ ಮುಖದ ತುಂಬ ನಗು.

"ಮಂತ್ರಿಗಳು ಸದನದಲ್ಲಿ ನನ್ನ ಹೆಸರು ಹೇಳಿದ್ರಂತೆ, ನಿಜಾನಾ ಅಕ್ಕ?"

"ಹೇಳಿದ್ರು," ಎಂದಳು ಅಕ್ಕ.

"ಯಾರ ಸರದಿ ಇತ್ತು ಆಗ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ನಂದೇ," ಎಂದಳು.

ಅವನು ಉಸಿರು ಬಿಟ್ಟು, ಬಲೆಗೆ ಹಣೆ ಆನಿಸಿ ಕಣ್ಣು ಮುಚ್ಚಿದ.

"ಸದ್ಯ," ಎಂದ. "ಬೇರೆ ಯಾರಾದ್ರೂ ಆಗಿದ್ರೆ ಹೆಸರು ಸರಿಯಾಗಿ ಬರ್ಕೊಂಡ್ರೋ ಇಲ್ವೋ ಅಂತ ಭಯ ಇತ್ತು."